ಅಮೇರಿಕದ ಉನ್ನತ ಶಿಕ್ಷಣದ ವೆಚ್ಚ

ಅಮೇರಿಕ ಸಂಯುಕ್ತ ಸಂಸ್ಥಾನದಲ್ಲಿ ಕಾಲೇಜು ಹಾಗೂ ವಿಶ್ವವಿದ್ಯಾಲಯ ಶಿಕ್ಷಣಕ್ಕಾಗಿ ವಿದ್ಯಾರ್ಥಿಗಳೂ ಅವರ ಕುಟುಂಬಗಳೂ ತೆರಬೇಕಾದ ಹಣವು 1980ರ ದಶಕದಿಂದೀಚೆಗೆ ಹಲವು ದಶಕಗಳ ಕಾಲ ಹಣದುಬ್ಬರವನ್ನೂ ಮೀರಿ ಏರಿತು. ಇದರ ಫಲವಾಗಿ ಒಕ್ಕೂಟ ಸರ್ಕಾರ ನೀಡಿರುವ ಶಿಕ್ಷಣ ಸಾಲದ ಬಾಕಿ ಸುಮಾರು 1.6 ಲಕ್ಷ ಕೋಟಿ ಡಾಲರ್ ಮುಟ್ಟಿದ್ದು, ಸಾಲಗಾರರ ಸಂಖ್ಯೆ 4 ಕೋಟಿಯನ್ನು ದಾಟಿದೆ. ಇನ್ನೊಂದೆಡೆ ವಿದ್ಯಾರ್ಥಿಗಳ ಸಂಖ್ಯೆ ಕುಸಿದು, ಅನೇಕ ಸಣ್ಣ ಕಾಲೇಜುಗಳು ಬಾಗಿಲು ಮುಚ್ಚಿವೆ.

ಇತಿಹಾಸ

ದೇಶದ ಅತಿ ಹಳೆಯ ಉನ್ನತ ಶಿಕ್ಷಣ ಸಂಸ್ಥೆ ಹಾರ್ವರ್ಡ್ (1636). ಆರಂಭದ ಕಾಲೇಜುಗಳು ಬಹುಮಟ್ಟಿಗೆ ಚರ್ಚುಗಳ ಆಶ್ರಯದಲ್ಲಿದ್ದು, ಪಾದ್ರಿಗಳಿಗೂ ಸ್ಥಿತಿವಂತರ ಮಕ್ಕಳಿಗೂ ಮೀಸಲಾಗಿದ್ದವು. 1862ರಲ್ಲಿ ಅಧ್ಯಕ್ಷ ಅಬ್ರಹಾಂ ಲಿಂಕನ್ ಅಂಕಿತ ಹಾಕಿದ ಮೋರಿಲ್ ಕಾಯಿದೆಯು ಈ ಚಿತ್ರವನ್ನು ಬದಲಿಸಿತು. ಒಕ್ಕೂಟದ ಭೂಮಿಯನ್ನು ರಾಜ್ಯಗಳಿಗೆ ಕೊಟ್ಟು, ಅದರ ಮಾರಾಟದ ಹಣದಿಂದ ಕೃಷಿ ಮತ್ತು ಯಂತ್ರವಿದ್ಯೆಯ ಕಾಲೇಜುಗಳನ್ನು ನಡೆಸುವಂತೆ ಅದು ಏರ್ಪಾಡು ಮಾಡಿತು. ಆ ಭೂಮಿಯ ಬಹುಭಾಗ ಮೂಲನಿವಾಸಿಗಳಿಂದ ಕಸಿದುಕೊಂಡದ್ದು ಎಂಬ ಸಂಗತಿ ಇತ್ತೀಚಿನ ಬರಹಗಳಲ್ಲಿ ಮಾತ್ರ ಮುನ್ನೆಲೆಗೆ ಬಂದಿದೆ.

1944ರ ಮಾಜಿ ಸೈನಿಕರ ಕಾಯಿದೆಯು (ಜನಬಳಕೆಯಲ್ಲಿ ಜಿ.ಐ. ಬಿಲ್) ಎರಡನೆಯ ಮಹಾಯುದ್ಧದಿಂದ ಮರಳಿದ ಸುಮಾರು 22 ಲಕ್ಷ ಜನರನ್ನು ಕಾಲೇಜಿಗೆ ಕಳುಹಿಸಿತು. ಅಂದಿನ ದಿನಗಳಲ್ಲಿ ಸಾರ್ವಜನಿಕ ಕಾಲೇಜುಗಳ ಶುಲ್ಕ ಅತ್ಯಲ್ಪವಾಗಿತ್ತು. 1847ರಲ್ಲಿ ಸ್ಥಾಪನೆಯಾದ ನ್ಯೂಯಾರ್ಕಿನ ಸಿಟಿ ಕಾಲೇಜು ವಲಸಿಗ ಕಾರ್ಮಿಕರ ಮಕ್ಕಳಿಗೆ ಬೋಧನಾ ಶುಲ್ಕವಿಲ್ಲದೆ ಪಾಠ ಹೇಳುತ್ತಿತ್ತು. ಕ್ಲಾರ್ಕ್ ಕೆರ್ ಅವರ ನೇತೃತ್ವದಲ್ಲಿ ಸಿದ್ಧವಾದ 1960ರ ಕ್ಯಾಲಿಫೋರ್ನಿಯಾದ ಮಹಾಯೋಜನೆಯೂ ರಾಜ್ಯದ ನಿವಾಸಿಗಳಿಂದ ಬೋಧನಾ ಶುಲ್ಕ ಪಡೆಯಬಾರದೆಂಬ ತತ್ತ್ವವನ್ನೇ ಎತ್ತಿಹಿಡಿಯಿತು. ಈ ತತ್ತ್ವ ಹೆಚ್ಚು ಕಾಲ ಬಾಳಲಿಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ 1970ರಲ್ಲಿ 'ಶಿಕ್ಷಣ ಶುಲ್ಕ' ಎಂಬ ಬೇರೆ ಹೆಸರಿನಿಂದ ವಸೂಲಿ ಆರಂಭವಾಯಿತು. ಆರ್ಥಿಕ ಮುಗ್ಗಟ್ಟಿಗೆ ಸಿಕ್ಕ ನ್ಯೂಯಾರ್ಕ್ ನಗರ 1976ರಲ್ಲಿ ಉಚಿತ ಶಿಕ್ಷಣವನ್ನು ಕೈಬಿಟ್ಟಿತು.

1965ರ ನವೆಂಬರ್ 8ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಉನ್ನತ ಶಿಕ್ಷಣ ಕಾಯಿದೆಗೆ ಸಹಿ ಮಾಡಿದರು. ಸಹಿ ನಡೆದದ್ದು ರಾಜಧಾನಿಯಲ್ಲಲ್ಲ, ಟೆಕ್ಸಾಸಿನ ಸ್ಯಾನ್ ಮಾರ್ಕೋಸಿನಲ್ಲಿ ತಾವು ಓದಿದ ಕಾಲೇಜಿನಲ್ಲಿ. ಜಾನ್ಸನ್ ತಾರುಣ್ಯದಲ್ಲಿ ಕೊಟುಲ್ಲಾ ಎಂಬ ಊರಿನ ಬಡ ಮೆಕ್ಸಿಕನ್ ಮೂಲದ ಮಕ್ಕಳ ಶಾಲೆಯಲ್ಲಿ ಮೇಷ್ಟರಾಗಿದ್ದವರು. ಹಣವಿಲ್ಲವೆಂಬ ಕಾರಣಕ್ಕೆ ಯಾರೂ ಓದು ಬಿಡಬಾರದೆಂಬ ಆಶಯದಿಂದ ಹುಟ್ಟಿದ ಈ ಕಾಯಿದೆಯೇ ಸರ್ಕಾರದ ಖಾತರಿಯುಳ್ಳ ವಿದ್ಯಾರ್ಥಿ ಸಾಲಕ್ಕೂ ದಾರಿ ತೆರೆಯಿತು. 1972ರಲ್ಲಿ ಬಡ ವಿದ್ಯಾರ್ಥಿಗಳಿಗೆ ಮರುಪಾವತಿ ಬೇಡದ ಅನುದಾನವೊಂದು ಜಾರಿಗೆ ಬಂದು, ಮುಂದೆ ಸೆನೆಟರ್ ಕ್ಲೇಬೋರ್ನ್ ಪೆಲ್ ಅವರ ಹೆಸರನ್ನು ಪಡೆಯಿತು. 1970ರ ದಶಕದ ಮಧ್ಯಭಾಗದಲ್ಲಿ ಗರಿಷ್ಠ ಪೆಲ್ ಅನುದಾನವು ಸಾರ್ವಜನಿಕ ಕಾಲೇಜಿನ ಒಟ್ಟು ಖರ್ಚಿನ ಮುಕ್ಕಾಲು ಪಾಲನ್ನು ಭರಿಸುತ್ತಿತ್ತು. 2023-24ರಲ್ಲಿ ಅದರ ಗರಿಷ್ಠ ಮೊತ್ತ 7,395 ಡಾಲರ್ ಆಗಿದ್ದು, ಖರ್ಚಿನ ಮೂರನೆಯ ಒಂದು ಪಾಲನ್ನೂ ತುಂಬುವುದಿಲ್ಲ.

ಘೋಷಿತ ಶುಲ್ಕ ಮತ್ತು ನಿಜ ಶುಲ್ಕ

ಕಾಲೇಜ್ ಬೋರ್ಡ್ ಸಂಸ್ಥೆಯ ಅಂಕಿಅಂಶಗಳಂತೆ 2023-24ರಲ್ಲಿ ಸರಾಸರಿ ವಾರ್ಷಿಕ ಬೋಧನಾ ಶುಲ್ಕ ಹೀಗಿತ್ತು: ಎರಡು ವರ್ಷದ ಸಮುದಾಯ ಕಾಲೇಜುಗಳಲ್ಲಿ 3,990 ಡಾಲರ್, ನಾಲ್ಕು ವರ್ಷದ ಸಾರ್ವಜನಿಕ ಕಾಲೇಜುಗಳಲ್ಲಿ ಆಯಾ ರಾಜ್ಯದವರಿಗೆ 11,260 ಡಾಲರ್, ಹೊರರಾಜ್ಯದವರಿಗೆ 29,150 ಡಾಲರ್, ಲಾಭರಹಿತ ಖಾಸಗಿ ಕಾಲೇಜುಗಳಲ್ಲಿ 41,540 ಡಾಲರ್. ವಸತಿ ಮತ್ತು ಊಟದ ಖರ್ಚು ಸೇರಿದರೆ ಸಾರ್ವಜನಿಕ ಕಾಲೇಜಿನ ಲೆಕ್ಕ ದುಪ್ಪಟ್ಟಿಗೂ ಹೆಚ್ಚಾಗುತ್ತದೆ.

ಈ ಅಂಕಿಗಳನ್ನು ಓದುವಾಗ ಎಚ್ಚರ ಬೇಕು. ಖಾಸಗಿ ಕಾಲೇಜುಗಳು ಶುಲ್ಕವನ್ನು ಎತ್ತರಕ್ಕೆ ಘೋಷಿಸಿ, ಬಳಿಕ ವಿದ್ಯಾರ್ಥಿವೇತನದ ಹೆಸರಿನಲ್ಲಿ ಹೊಸ ವಿದ್ಯಾರ್ಥಿಗಳಿಗೆ ಸರಾಸರಿ ಅರ್ಧಕ್ಕೂ ಮಿಕ್ಕಿ ರಿಯಾಯಿತಿ ನೀಡುತ್ತವೆ. ಒಂದೇ ಬೆಂಚಿನಲ್ಲಿ ಕುಳಿತ ಇಬ್ಬರು ತೆತ್ತ ಹಣ ಬೇರೆ ಬೇರೆಯಾಗಿರುವುದು ಅಲ್ಲಿ ಸಾಮಾನ್ಯ. ಹಣದುಬ್ಬರವನ್ನು ಕಳೆದು ನೋಡಿದರೆ ಇತ್ತೀಚಿನ ವರ್ಷಗಳಲ್ಲಿ ಸರಾಸರಿ ಶುಲ್ಕ ಏರುವ ಬದಲು ತುಸು ಇಳಿದಿರುವುದೂ ಉಂಟು. ಆದರೆ ಘೋಷಿತ ಮೊತ್ತವನ್ನು ಕಂಡೇ ಹಿಮ್ಮೆಟ್ಟುವ ಬಡ ಕುಟುಂಬಗಳಿಗೆ ಈ ಸೂಕ್ಷ್ಮ ತಿಳಿಯುವ ಅವಕಾಶ ಕಡಿಮೆ.

ಏರಿಕೆಯ ಕಾರಣಗಳು

ಸಾರ್ವಜನಿಕ ಕಾಲೇಜುಗಳ ಮಟ್ಟಿಗೆ ಮುಖ್ಯ ಕಾರಣ ರಾಜ್ಯ ಸರ್ಕಾರಗಳ ಅನುದಾನ ಕಡಿತ. ಆರ್ಥಿಕ ಹಿಂಜರಿತ ಬಂದಾಗಲೆಲ್ಲ, ವಿಶೇಷವಾಗಿ 2008ರ ಬಳಿಕ, ರಾಜ್ಯಗಳು ಮೊದಲು ಕೈಹಾಕಿದ್ದು ಕಾಲೇಜುಗಳ ಅನುದಾನಕ್ಕೆ. ಆಸ್ಪತ್ರೆ, ಜೈಲುಗಳಿಗೆ ಶುಲ್ಕ ಹಾಕಲಾಗದು, ವಿದ್ಯಾರ್ಥಿಗಳಿಗೆ ಹಾಕಬಹುದು.

ವಿಲಿಯಂ ಬಾಮೋಲ್ ಮತ್ತು ವಿಲಿಯಂ ಬೋವೆನ್ ಎಂಬ ಅರ್ಥಶಾಸ್ತ್ರಜ್ಞರು 1966ರಲ್ಲಿ ಸಂಗೀತ, ನಾಟಕಗಳ ಹಣಕಾಸನ್ನು ಅಧ್ಯಯನ ಮಾಡಿ ಮಂಡಿಸಿದ 'ವೆಚ್ಚದ ಕಾಯಿಲೆ' ಎಂಬ ವಾದವನ್ನು ಶಿಕ್ಷಣಕ್ಕೂ ಅನ್ವಯಿಸಲಾಗುತ್ತದೆ. ನಾಲ್ವರು ವಾದಕರ ಕೃತಿಯನ್ನು ನುಡಿಸಲು ಇನ್ನೂರು ವರ್ಷಗಳ ಹಿಂದೆ ಬೇಕಾದಷ್ಟೇ ಜನ, ಅಷ್ಟೇ ಸಮಯ ಇಂದೂ ಬೇಕು. ಕಾರ್ಖಾನೆಯಲ್ಲಾದರೋ ಒಬ್ಬನ ಉತ್ಪಾದನೆ ಹಲವು ಪಟ್ಟು ಬೆಳೆದಿರುತ್ತದೆ. ಅಧ್ಯಾಪಕನ ಸಂಬಳ ಹೊರಗಿನವರ ಸಂಬಳದ ಜೊತೆ ಏರಲೇಬೇಕಾದುದರಿಂದ ಪಾಠದ ಬೆಲೆಯೂ ಏರುತ್ತದೆ. ವಾದ ಸೊಗಸಾಗಿದ್ದರೂ ಇದೊಂದರಿಂದಲೇ ಎಲ್ಲವನ್ನೂ ವಿವರಿಸಲಾಗದು. ಅಮೇರಿಕದ ಕಾಲೇಜು ಬೋಧಕರಲ್ಲಿ ಹೆಚ್ಚಿನವರು ಈಗ ಕಾಯಂ ಹುದ್ದೆಯವರಲ್ಲ. ನಮ್ಮ ಅತಿಥಿ ಉಪನ್ಯಾಸಕರಂತೆ ಕಡಿಮೆ ಸಂಭಾವನೆಗೆ ದುಡಿಯುವವರು. ಬೆಳೆದಿರುವುದು ಆಡಳಿತ ಸಿಬ್ಬಂದಿ, ಸಲಹಾ ಸೇವೆಗಳು, ಕ್ರೀಡೆ ಹಾಗೂ ವಸತಿ ಸೌಕರ್ಯಗಳ ಖರ್ಚು.

ಶಿಕ್ಷಣ ಕಾರ್ಯದರ್ಶಿಯಾಗಿದ್ದ ವಿಲಿಯಂ ಬೆನೆಟ್ 1987ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಬರೆದು, ಸರ್ಕಾರದ ನೆರವು ಹೆಚ್ಚಿದಷ್ಟೂ ಕಾಲೇಜುಗಳು ಶುಲ್ಕ ಏರಿಸುತ್ತವೆಂದು ಆರೋಪಿಸಿದರು. ಲಾಭಕ್ಕಾಗಿ ನಡೆಯುವ ಕಾಲೇಜುಗಳ ವಿಷಯದಲ್ಲಿ ಇದಕ್ಕೆ ಪುರಾವೆ ಬಲವಾಗಿದ್ದು, ಸಾರ್ವಜನಿಕ ಕಾಲೇಜುಗಳ ವಿಷಯದಲ್ಲಿ ದುರ್ಬಲವಾಗಿದೆ.

ಸಾಲದ ಹೊರೆ

ಉಳಿದ ಸಾಲಗಳಂತೆ ಶಿಕ್ಷಣ ಸಾಲವನ್ನು ದಿವಾಳಿ ಅರ್ಜಿಯಿಂದ ಸುಲಭವಾಗಿ ಕಳೆದುಕೊಳ್ಳಲಾಗದು. 1976ರಲ್ಲಿ ಆರಂಭವಾದ ಈ ನಿರ್ಬಂಧ 1998ರಲ್ಲಿ ಬಿಗಿಯಾಗಿ, 2005ರಲ್ಲಿ ಖಾಸಗಿ ಸಾಲಗಳಿಗೂ ವಿಸ್ತರಿಸಿತು. ಲಕ್ಷಗಟ್ಟಲೆ ಡಾಲರ್ ಸಾಲವಿರುವ ವೈದ್ಯರು, ವಕೀಲರ ಕಥೆಗಳು ಪತ್ರಿಕೆಗಳಲ್ಲಿ ಬರುತ್ತಿದ್ದರೂ ಕಂತು ಕಟ್ಟಲಾಗದೆ ಸುಸ್ತಿಯಾಗುವವರಲ್ಲಿ ಹೆಚ್ಚಿನವರು ಅವರಲ್ಲ. ಕೆಲವೇ ಸಾವಿರ ಡಾಲರ್ ಸಾಲ ಮಾಡಿ, ಪದವಿ ಮುಗಿಸದೆ ಕಾಲೇಜು ಬಿಟ್ಟವರೇ ಹೆಚ್ಚು ಸಿಕ್ಕಿಬೀಳುತ್ತಾರೆ. ಅವರ ಬಳಿ ಸಾಲವಿರುತ್ತದೆ, ಸಂಬಳ ತರುವ ಪ್ರಮಾಣಪತ್ರವಿರುವುದಿಲ್ಲ.

ಕೋವಿಡ್ ಕಾಲದಲ್ಲಿ, 2020ರ ಮಾರ್ಚಿನಿಂದ, ಕಂತುಗಳನ್ನು ತಡೆಹಿಡಿಯಲಾಯಿತು. 2022ರ ಆಗಸ್ಟ್‌ನಲ್ಲಿ ಅಧ್ಯಕ್ಷ ಜೋ ಬೈಡನ್ ತಲಾ 10,000 ಡಾಲರ್‌ವರೆಗೆ, ಪೆಲ್ ಅನುದಾನ ಪಡೆದವರಿಗೆ 20,000 ಡಾಲರ್‌ವರೆಗೆ ಸಾಲಮನ್ನಾ ಪ್ರಕಟಿಸಿದರು. 2023ರ ಜೂನ್ 30ರಂದು ಸರ್ವೋಚ್ಚ ನ್ಯಾಯಾಲಯ 6-3ರ ಬಹುಮತದಿಂದ ಅದನ್ನು ರದ್ದುಪಡಿಸಿತು. ಅದೇ ಅಕ್ಟೋಬರಿನಲ್ಲಿ ಕಂತು ಕಟ್ಟುವುದು ಪುನಃ ಆರಂಭವಾಯಿತು. 2025ರ ಜುಲೈನಲ್ಲಿ ಅಂಗೀಕಾರವಾದ ಕಾನೂನು ಸ್ನಾತಕೋತ್ತರ ವಿದ್ಯಾರ್ಥಿಗಳ ಹೊಸ ಒಕ್ಕೂಟ ಸಾಲಕ್ಕೆ ಒಟ್ಟು 1 ಲಕ್ಷ ಡಾಲರ್, ವೈದ್ಯಕೀಯದಂತಹ ವೃತ್ತಿಶಿಕ್ಷಣಕ್ಕೆ 2 ಲಕ್ಷ ಡಾಲರ್ ಮಿತಿಯನ್ನು ಹಾಕಿತು.

ಕುಸಿಯುವ ಸಂಖ್ಯೆ, ಮುಚ್ಚುವ ಕಾಲೇಜುಗಳು

ವಿದ್ಯಾರ್ಥಿಗಳ ಸಂಖ್ಯೆ 2010ರ ಸುಮಾರಿಗೆ 2.1 ಕೋಟಿಯ ಶಿಖರ ಮುಟ್ಟಿ ಆಮೇಲೆ ಇಳಿಯಿತು. 2008ರ ಹಿಂಜರಿತದ ಬಳಿಕ ದೇಶದ ಜನನ ಪ್ರಮಾಣ ಕುಸಿದದ್ದರಿಂದ, ಹದಿನೆಂಟು ವರ್ಷ ತುಂಬುವವರ ಸಂಖ್ಯೆ 2025ರ ನಂತರ ಇಳಿಮುಖವಾಗುವುದೆಂದು ಅರ್ಥಶಾಸ್ತ್ರಜ್ಞ ನೇಥನ್ ಗ್ರಾ 2018ರ ತಮ್ಮ ಪುಸ್ತಕದಲ್ಲಿ ಮುನ್ಸೂಚನೆ ನೀಡಿದರು. ಗ್ಯಾಲಪ್ ಸಮೀಕ್ಷೆಯ ಪ್ರಕಾರ ಉನ್ನತ ಶಿಕ್ಷಣದಲ್ಲಿ ಹೆಚ್ಚಿನ ವಿಶ್ವಾಸವುಳ್ಳವರು 2015ರಲ್ಲಿ ಶೇ. 57 ಇದ್ದದ್ದು 2023ರಲ್ಲಿ ಶೇ. 36ಕ್ಕೆ ಇಳಿದಿತ್ತು, 2025ರಲ್ಲಿ ಶೇ. 42ಕ್ಕೆ ಚೇತರಿಸಿತು.

ಫಿಲಡೆಲ್ಫಿಯಾದ ಕಲೆಗಳ ವಿಶ್ವವಿದ್ಯಾಲಯ 2024ರ ಮೇ 31ರಂದು ಸುದ್ದಿ ಹೊರಗೆಡವಿ, ಜೂನ್ 7ರಂದು ಮುಚ್ಚಿತು. ವಿದ್ಯಾರ್ಥಿಗಳಿಗೆ ದೊರೆತದ್ದು ಒಂದೇ ವಾರದ ಅವಕಾಶ. ವರ್ಜೀನಿಯಾದ ಸ್ವೀಟ್ ಬ್ರಯರ್ ಮಹಿಳಾ ಕಾಲೇಜಿನ ಕಥೆ ಬೇರೆ. 2015ರಲ್ಲಿ ಅದನ್ನು ಮುಚ್ಚುವುದಾಗಿ ಆಡಳಿತ ಮಂಡಳಿ ಸಾರಿದಾಗ ಹಳೆಯ ವಿದ್ಯಾರ್ಥಿನಿಯರು ನ್ಯಾಯಾಲಯದ ಮೆಟ್ಟಿಲೇರಿ, ಚಂದಾ ಎತ್ತಿ ಕಾಲೇಜನ್ನು ಉಳಿಸಿಕೊಂಡರು. ಇದೇ ಕಾಲದಲ್ಲಿ ಹಾರ್ವರ್ಡಿನ ದತ್ತಿನಿಧಿ 5,300 ಕೋಟಿ ಡಾಲರನ್ನು ದಾಟಿದೆ. ಅಮೇರಿಕದ ಉನ್ನತ ಶಿಕ್ಷಣವನ್ನು ಒಂದೇ ಮಾತಿನಲ್ಲಿ ಬಣ್ಣಿಸುವುದು ಆದ್ದರಿಂದಲೇ ಕಷ್ಟ.

ಭಾರತೀಯ ವಿದ್ಯಾರ್ಥಿಗಳು

2023-24ರಲ್ಲಿ 3,31,602 ಭಾರತೀಯರು ಅಲ್ಲಿ ವ್ಯಾಸಂಗ ಮಾಡುತ್ತಿದ್ದು, ಒಂದೂವರೆ ದಶಕದ ನಂತರ ಭಾರತ ಚೀನಾವನ್ನು ಹಿಂದಿಕ್ಕಿತು. ಬೆಂಗಳೂರು ಮೊದಲಾದ ನಗರಗಳಿಂದ ಹೋಗುವವರಲ್ಲಿ ಹೆಚ್ಚಿನವರು ಸ್ನಾತಕೋತ್ತರ ಓದಿನವರು. ಇವರಿಗೆ ಅಮೇರಿಕದ ಒಕ್ಕೂಟ ಸಾಲ ದೊರೆಯದಿರುವುದರಿಂದ ಮನೆ ಅಥವಾ ನಿವೇಶನವನ್ನು ಅಡವಿಟ್ಟು ಇಲ್ಲಿನ ಬ್ಯಾಂಕುಗಳಿಂದ ಸಾಲ ಪಡೆಯುವುದು ರೂಢಿ. 2011ರ ಆರಂಭದಲ್ಲಿ ಸುಮಾರು 45 ರೂಪಾಯಿಯಿದ್ದ ಡಾಲರ್ 2024ರಲ್ಲಿ 83 ರೂಪಾಯಿ ದಾಟಿತ್ತು. ಅಲ್ಲಿ ಶುಲ್ಕ ಒಂದು ಸೆಂಟೂ ಏರದಿದ್ದರೂ ಇಲ್ಲಿಯ ತಂದೆತಾಯಿಗಳ ಲೆಕ್ಕ ದುಪ್ಪಟ್ಟಿನ ಸಮೀಪಕ್ಕೆ ಬರುತ್ತದೆ. ವಿಜ್ಞಾನ, ತಂತ್ರಜ್ಞಾನ ಪದವೀಧರರಿಗೆ ಓದಿನ ಬಳಿಕ ಮೂರು ವರ್ಷದವರೆಗೆ ದುಡಿಯುವ ಅವಕಾಶವಿದ್ದು, ಸಾಲ ತೀರುವುದು ಬಹಳ ಮಟ್ಟಿಗೆ ಆ ಅವಧಿಯ ಮೇಲೆ ನಿಂತಿದೆ. ಆಮೇಲಿನ ಎಚ್-1ಬಿ ವೀಸಾ ಲಾಟರಿಗೆ ಒಳಪಟ್ಟದ್ದು.

ಪರ್ಯಾಯ ಪ್ರಯತ್ನಗಳು

2012ರಲ್ಲಿ ಕೋರ್ಸೆರಾ, ಎಡ್‌ಎಕ್ಸ್ ಮುಂತಾದ ಅಂತರಜಾಲ ಪಾಠಗಳು ಕಾಲೇಜುಗಳನ್ನೇ ಬದಲಿಸಿಬಿಡುತ್ತವೆಂಬ ನಿರೀಕ್ಷೆ ಹುಟ್ಟಿತ್ತು. ಸೇರಿದವರಲ್ಲಿ ಬಹುಪಾಲು ಜನ ಪಾಠ ಮುಗಿಸದ ಕಾರಣ ಅದು ತಣ್ಣಗಾಯಿತು. ಟೆನೆಸಿ ರಾಜ್ಯ 2015ರಿಂದ ಸಮುದಾಯ ಕಾಲೇಜುಗಳ ಬೋಧನಾ ಶುಲ್ಕವನ್ನು ತಾನೇ ಭರಿಸುತ್ತಿದೆ. ಇಂಡಿಯಾನಾದ ಪರ್ಡ್ಯೂ ವಿಶ್ವವಿದ್ಯಾಲಯ 2013ರಿಂದ ಬೋಧನಾ ಶುಲ್ಕವನ್ನು ಏರಿಸಿಲ್ಲ. ಗುಲಾಮಗಿರಿಯ ವಿರೋಧಿಗಳು 1855ರಲ್ಲಿ ಸ್ಥಾಪಿಸಿದ ಕೆಂಟಕಿಯ ಬೆರಿಯಾ ಕಾಲೇಜು 1892ರಿಂದ ಬೋಧನಾ ಶುಲ್ಕವನ್ನೇ ತೆಗೆದುಕೊಳ್ಳುವುದಿಲ್ಲ. ಅಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿಯೂ ವಾರಕ್ಕೆ ಕನಿಷ್ಠ 10 ಗಂಟೆ ಕಾಲೇಜಿನ ಯಾವುದಾದರೂ ಕೆಲಸದಲ್ಲಿ ದುಡಿಯಬೇಕು.