ಬೂದಿದಿಬ್ಬದವರ ಊಟ

ಹೊರನಾಡಿನ ಕನ್ನಡಿಗರಾದ ನಾವು ರಾಜ್ಯೋತ್ಸವಕ್ಕೆಂದು ಒಂದೆಡೆ ಕಲೆತಾಗ ನುಡಿಯ ಮಾತಿನೊಡನೆ ಊಟದ ಮಾತೂ ಬಾರದೆ ಇರದು. ಹಳೆಯ ಮೈಸೂರಿನವರು ರಾಗಿಮುದ್ದೆಯೇ ಕನ್ನಡದ ಮೂಲ ಅನ್ನವೆಂದರೆ, ಉತ್ತರದವರು ಆ ಪಟ್ಟವನ್ನು ಜೋಳದ ರೊಟ್ಟಿಗೆ ಕಟ್ಟುವರು. ಆದರೆ ರಾಗಿ, ಜೋಳಗಳೆರಡೂ ಬರುವ ಮುನ್ನ ಈ ನಾಡಿನ ಮೊದಲ ಬೇಸಾಯಗಾರರು ಏನನ್ನು ಉಣ್ಣುತ್ತಿದ್ದರು? ಇದಕ್ಕೆ ನೆಲವೇ ಉತ್ತರ ಹೇಳಿದೆ.

ಬಳ್ಳಾರಿ, ರಾಯಚೂರು ಸೀಮೆಯಲ್ಲಿ ಅಲ್ಲಲ್ಲಿ ಬೂದಿಯ ದೊಡ್ಡ ದಿಬ್ಬಗಳಿವೆ. ಹಂಪೆಯ ಬಳಿ ನಿಂಬಾಪುರದಲ್ಲಿರುವ ದಿಬ್ಬವನ್ನು ಜನರು ವಾಲಿಯ ಚಿತಾಭಸ್ಮವೆಂದು ನಂಬುತ್ತಾ ಬಂದಿದ್ದಾರೆ. ಇಂದಿನ ತೆಲಂಗಾಣದಲ್ಲಿರುವ ಉತ್ನೂರಿನ ದಿಬ್ಬವನ್ನು 1957ರಲ್ಲಿ ಅಗೆದ ಆಲ್ಚಿನ್ ಎಂಬ ವಿದ್ವಾಂಸರಿಗೆ ಬೂದಿಯ ಪದರಗಳ ನಡುವೆ ದನಗಳ ಗೊರಸಿನ ಗುರುತುಗಳು ಕಂಡವು. ಇವು ನವಶಿಲಾಯುಗದ ದೊಡ್ಡಿಗಳು; ಬೂದಿ, ಅಲ್ಲಿ ಒಟ್ಟಿ ಸುಟ್ಟ ಸಗಣಿಯದು ಎಂಬುದು ಸ್ಥಿರಪಟ್ಟಿತು. ಕ್ರಿ. ಪೂ. 3000ದ ಸುಮಾರಿನಿಂದ 1200ರ ವರೆಗೆ ಬಾಳಿದ ಈ ಜನರಿಗೆ ದನವೇ ಧನ, ದನವೇ ಆಹಾರ. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ಸುರಪುರ ಸೀಮೆಯ ಬೂದಿಹಾಳದಲ್ಲಿ ಅಗೆದಾಗ, ದನಗಳನ್ನು ಕಡಿದು ಹಂಚುತ್ತಿದ್ದ ನೆಲವೇ ಎಲುಬು, ಕಲ್ಲಿನ ಉಪಕರಣಗಳ ಸಹಿತ ಹೊರಬಿತ್ತು.

ಇನ್ನು ಧಾನ್ಯದ ವಿಚಾರ. ನಾಲ್ಕು ಸಾವಿರ ವರ್ಷದ ಕಾಳು ಉಳಿಯುವುದೆಂತು ಎಂದು ವಾಚಕರು ಕೇಳಬಹುದು. ಒಲೆಯಲ್ಲಿ ಬಿದ್ದು ಕರಿಕಾದ ಕಾಳು ಕೊಳೆಯುವುದಿಲ್ಲ. ಅಗೆದ ಮಣ್ಣನ್ನು ನೀರಿನಲ್ಲಿ ಕದಡಿದರೆ ಮಣ್ಣು ತಳಕ್ಕಿಳಿದು, ಕರಿಕಾಳು ಮೇಲೆ ತೇಲುತ್ತದೆ. ಅದನ್ನು ಸೋಸಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಧಾರವಾಡದ ರವಿ ಕೋರಿಶೆಟ್ಟರ್, ಇಂಗ್ಲೆಂಡಿನ ಡೋರಿಯನ್ ಫುಲ್ಲರ್ ಮೊದಲಾದವರು ಸಂಗನಕಲ್ಲು, ಹಳ್ಳೂರು ಮುಂತಾದ ನೆಲೆಗಳ ಮಣ್ಣನ್ನು ಹೀಗೆ ಶೋಧಿಸಿ 2004ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು.

ಮತ್ತೆ ಮತ್ತೆ ದೊರೆತ ಕಾಳುಗಳು ನಾಲ್ಕು. ಎರಡು ನಮಗೆ ಚಿರಪರಿಚಿತ: ಹುರುಳಿ ಮತ್ತು ಹೆಸರು. ಮೂರನೆಯದು ಕೊರಲೆ. ಎರಡೂವರೆ ತಿಂಗಳೊಳಗೆ ಕೈಗೆ ಬರುವ, ಹುಣಸೆಮರದ ನೆರಳಿನಲ್ಲೂ ಬೆಳೆಯುವ ಈ ಸಣ್ಣ ಧಾನ್ಯವನ್ನು ಇಂದು ತುಮಕೂರು, ಚಿತ್ರದುರ್ಗ, ಅನಂತಪುರದ ಒಣನೆಲದವರು ಉಳಿಸಿಕೊಂಡಿದ್ದಾರೆ. ನಾಲ್ಕನೆಯದೇ ಅಚ್ಚರಿಯದು. ಅದು ನವಣೆಯ ಕುಲಕ್ಕೆ ಸೇರಿದ, ತೆನೆಯ ಮುಳ್ಳುಗಳಿಂದ ನಡೆವವರ ಬಟ್ಟೆಗೆ ಅಂಟಿಕೊಳ್ಳುವ ಹುಲ್ಲು. ನಾವು ಕಳೆಯೆಂದು ಕಿತ್ತೆಸೆಯುವುದು ಅವರಿಗೆ ಅನ್ನವಾಗಿತ್ತು! ಆ ಸಣ್ಣ ಕಾಳಿನ ಹೊಟ್ಟು ಬಿಡಿಸಿ ಹಿಟ್ಟು ಮಾಡುವುದು ಸುಲಭದ ಕೆಲಸವಲ್ಲ. ಸಂಗನಕಲ್ಲಿನ ಬಂಡೆಗಳ ಮೇಲೆ ಅರೆದರೆದು ಸವೆದ ತಗ್ಗುಗಳೇ ಆ ದುಡಿಮೆಗೆ ಸಾಕ್ಷಿ.

ಹಾಗಾದರೆ ರಾಗಿ, ಜೋಳ? ಎರಡೂ ಆಫ್ರಿಕದಲ್ಲಿ ಹುಟ್ಟಿ, ಕಡಲು ದಾಟಿ ಬಂದವು. ಸಜ್ಜೆ, ಅವರೆಗಳ ತವರೂ ಅದೇ. ಹಳ್ಳೂರಿನ ಜನರು ಕ್ರಿ. ಪೂ. ಎರಡನೆಯ ಸಹಸ್ರಮಾನದ ಉತ್ತರಾರ್ಧದಲ್ಲೇ ಇವೆರಡನ್ನು ಬಲ್ಲವರಾಗಿದ್ದರು. ಮೆಣಸಿನಕಾಯಿಯಂತೂ ಅಮೆರಿಕದಿಂದ ಪೋರ್ತುಗೀಸರೊಡನೆ ಬಂದುದು. ಅವರೆಕಾಳಿನ ಸಾರಿಲ್ಲದ ಸಂಕ್ರಾಂತಿಯನ್ನೂ, ಮೆಣಸಿನಕಾಯಿಯಿಲ್ಲದ ಬ್ಯಾಡಗಿಯನ್ನೂ ಇಂದು ಯಾರು ಊಹಿಸಬಲ್ಲರು?

ಇದರಿಂದ ರಾಗಿಯ ಗೌರವಕ್ಕೆ ಕುಂದಿಲ್ಲ. ಬಂದ ಕಾಳನ್ನು ನಮ್ಮ ನಾಡಿನ ರೈತ ತನ್ನ ಮಳೆಗೆ, ತನ್ನ ಮಣ್ಣಿಗೆ ಹೊಂದಿಸಿದ. ಮನೆಯಾಕೆ ಅದನ್ನು ತೊಳಸಿ ಮುದ್ದೆ ಕಟ್ಟಿದಳು. ತಲೆಮಾರುಗಳ ಈ ದುಡಿಮೆಯಿಂದ ಅತಿಥಿ ಮನೆಯವನಾದ. ಅದೇ ಕಾಲದಲ್ಲಿ ಹುರುಳಿಯೂ ಕೈಬಿಡಲಿಲ್ಲ. ಬೂದಿದಿಬ್ಬದವರ ಗಡಿಗೆಯಲ್ಲಿ ಬೆಂದ ಆ ಕಾಳೇ ಇಂದು ನಮ್ಮ ಕುಕ್ಕರಿನಲ್ಲಿ ಬೇಯುತ್ತಿದೆ. ಆದರೆ ಕೊರಲೆಯನ್ನು ನಮ್ಮಲ್ಲಿ ಬಹುಮಂದಿ ಮರೆತೆವು. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಸಾರಿದ ಬಳಿಕವೇ ಅನೇಕರು ಅದರ ಹೆಸರನ್ನು ಕೇಳಿದರು.

ಮುಂಬಯಿ, ಪುಣೆ, ದೆಹಲಿಗಳಲ್ಲಿ ನೆಲೆಸಿದ ನಮ್ಮ ಮಕ್ಕಳು ಬಟಾಟೆವಡೆಯನ್ನೂ ಪರಾಠವನ್ನೂ ಮೆಚ್ಚಿ ತಿಂದರೆ ಕನ್ನಡತನ ಹೋಯಿತೆಂದು ಮರುಗಬೇಕಾಗಿಲ್ಲ. ಹೊಸತನ್ನು ಎಲೆಗೆ ಬಡಿಸಿಕೊಳ್ಳುವುದು ಈ ನಾಡಿನ ಮೂರು ಸಾವಿರ ವರ್ಷಕ್ಕೂ ಮಿಕ್ಕ ಪದ್ಧತಿ. ಹುರುಳಿಸಾರಿನ ಹದವನ್ನು ಮಾತ್ರ ಅವರಿಗೆ ಕಲಿಸಿಕೊಡೋಣ. ಅದನ್ನು ನಾವು ಕಲಿಸದಿದ್ದರೆ ಪರನಾಡಿನಲ್ಲಿ ಕಲಿಸುವವರು ಬೇರೆ ಯಾರಿದ್ದಾರೆ?