ಗದ್ದೆ, ಒಲೆ, ಜಪಸರ: ಕುಂದಾಪುರ ಕರಾವಳಿಯ ರೈತಗೃಹಿಣಿ ಮತ್ತು ಧರ್ಮಸಭೆಯ ಇತಿಹಾಸ

ಮರವಂತೆಯಲ್ಲಿ ಒಂದು ಬದಿಗೆ ಅರಬ್ಬೀ ಸಮುದ್ರ, ಇನ್ನೊಂದು ಬದಿಗೆ ಸೌಪರ್ಣಿಕಾ ನದಿ, ನಡುವೆ ಹೆದ್ದಾರಿ. ಇದಕ್ಕೆ ದಕ್ಷಿಣದಲ್ಲಿರುವ ಗಂಗೊಳ್ಳಿ, ಕುಂದಾಪುರ, ಬಸ್ರೂರುಗಳ ಪರಿಸರದಲ್ಲಿ ಕ್ರೈಸ್ತ ಸಮುದಾಯವು ಪೋರ್ಚುಗೀಸರ ಕಾಲದಿಂದ ನೆಲೆಸಿದೆ. ಕುಂದಾಪುರದ ಜಪಸರ ಮಾತೆಯ ಇಗರ್ಜಿಯ ಆರಂಭವನ್ನು 1570ಕ್ಕೆ ಗುರುತಿಸಲಾಗುತ್ತದೆ. ಈ ನಾಲ್ಕೂವರೆ ಶತಮಾನಗಳ ಕಥನದಲ್ಲಿ ವ್ಯಾಪಾರಿಗಳು, ಧರ್ಮಪ್ರಚಾರಕರು, ಗುರುಗಳು, ದಾನಿಗಳು ಕಾಣಿಸಿಕೊಳ್ಳುತ್ತಾರೆ. ಗದ್ದೆಯಲ್ಲಿ ದುಡಿದು, ಮಕ್ಕಳನ್ನು ಸಾಕಿ, ಮನೆಯಲ್ಲಿ ಪ್ರಾರ್ಥನೆಯನ್ನು ಉಳಿಸಿಕೊಂಡು ಬಂದ ರೈತಗೃಹಿಣಿ ಮಾತ್ರ ಅಪರೂಪ. ಆಕೆಯ ಬಾಳನ್ನು ಇತಿಹಾಸದ ವಿಷಯವಾಗಿ ಪರಿಗಣಿಸುವುದು ಈ ಬರಹದ ಉದ್ದೇಶ.

ಮೊದಲಿಗೆ ದಾಖಲೆಗಳ ಪ್ರಶ್ನೆ. ವಿವಾಹಗಳನ್ನು ಪುಸ್ತಕದಲ್ಲಿ ದಾಖಲಿಸಬೇಕೆಂದು ಟ್ರೆಂಟ್ ಮಹಾಸಭೆಯು 1563ರಲ್ಲಿ ವಿಧಿಸಿತು. ಅಂತಹ ದಫ್ತರುಗಳಲ್ಲಿ ಆಕೆ ದೀಕ್ಷಾಸ್ನಾನ ಪಡೆದ ಶಿಶುವಾಗಿ, ವಧುವಾಗಿ, ತಾಯಿಯಾಗಿ, ಜ್ಞಾನಮಾತೆಯಾಗಿ, ಕಡೆಗೆ ಮೃತಳಾಗಿ ಬರುತ್ತಾಳೆ. ಈ ಕೆಲವು ಸಾಲುಗಳ ನಡುವಿನ ದಶಕಗಳು ಖಾಲಿ. ಗೇಣಿಯ ಕಾಗದಪತ್ರಗಳಲ್ಲಂತೂ ಸಾಮಾನ್ಯವಾಗಿ ಗಂಡನ ಹೆಸರೇ ಇರುತ್ತಿತ್ತು. ಹಾಗೆಂದು ಆ ಖಾಲಿ ಜಾಗದಲ್ಲಿ ಏನೂ ನಡೆಯಲಿಲ್ಲವೆಂದು ಭಾವಿಸುವಂತಿಲ್ಲ.

ಇಲ್ಲಿಯ ಭೂಮಿಯನ್ನು ನೀರಿನ ಅನುಕೂಲಕ್ಕೆ ತಕ್ಕಂತೆ ಬಯಲು, ಮಜಲು, ಬೆಟ್ಟು ಎಂದು ವಿಂಗಡಿಸುತ್ತಾರೆ. ಬೆಟ್ಟುಗದ್ದೆಗೆ ಮಳೆಗಾಲದ ಒಂದೇ ಬೆಳೆ. ನೀರಿರುವ ಬಯಲಿನಲ್ಲಿ ಮೂರು ಬೆಳೆಗಳೂ ಸಾಧ್ಯ. ಉಳುಮೆ ಗಂಡಸರದಾದರೆ ನೇಜಿ ಕೀಳುವುದು, ನೆಡುವುದು, ಕಳೆ ತೆಗೆಯುವುದು, ಕೊಯ್ಯುವುದು ಬಹುಪಾಲು ಹೆಂಗಸರದು. ಆಮೇಲೆ ಭತ್ತ ಬೇಯಿಸಿ, ಒಣಗಿಸಿ, ಒನಕೆಯಲ್ಲಿ ಕುಟ್ಟಿ ಕುಚ್ಚಲಕ್ಕಿ ಮಾಡುವ ಕೆಲಸ. ಹೀಗೆ ಬೆಳೆದುದರಲ್ಲಿ ಒಡೆಯನ ಗೇಣಿಯ ಮುಡಿಗಳನ್ನು ಅಳೆದುಕೊಟ್ಟು, ಉಳಿದುದರಲ್ಲಿ ವರ್ಷ ಕಳೆಯಬೇಕು. ಗಂಡಸರು ದುಡಿಮೆಗಾಗಿ ಮುಂಬಯಿಗೆ ಹೋದ ಮನೆಗಳಲ್ಲಿ ಗದ್ದೆಯ ಯಜಮಾನಿಕೆಯೂ ಆಕೆಯ ಹೆಗಲಿಗೇ ಬಂತು.

ಈ ದುಡಿಮೆಯ ನಡುವೆಯೇ ವಿಶ್ವಾಸ ತಲೆಮಾರಿನಿಂದ ತಲೆಮಾರಿಗೆ ಹರಿಯಿತು. 1681ರಿಂದ 1684ರವರೆಗೆ ಸಂತ ಜೋಸೆಫ್ ವಾಜ್ ಕೆನರಾದಲ್ಲಿ ಸೇವೆ ಸಲ್ಲಿಸಿದರು. ಅಂತಹ ಗುರುಗಳು ಬಂದುಹೋದರು, ಮನೆಗಳು ಉಳಿದವು. 1784ರ ವಿಭೂತಿ ಬುಧವಾರದ ಸುಮಾರಿಗೆ ಟಿಪ್ಪು ಸುಲ್ತಾನನ ಆಜ್ಞೆಯಂತೆ ಕೆನರಾದ ಕ್ರೈಸ್ತರ ಬಂಧನವಾಯಿತು, ಇಗರ್ಜಿಗಳು ನೆಲಸಮವಾದವು. 1799ರಲ್ಲಿ ಶ್ರೀರಂಗಪಟ್ಟಣ ಪತನವಾಗುವವರೆಗಿನ ಹದಿನೈದು ವರ್ಷ ಸೆರೆಯಾಳುಗಳಿಗೆ ಇಗರ್ಜಿಯೂ ಇರಲಿಲ್ಲ, ನಿಯಮಿತವಾದ ಸಂಸ್ಕಾರಜೀವನವೂ ಇರಲಿಲ್ಲ. ಆದರೂ ಬದುಕಿ ಮರಳಿದವರು ಪ್ರಾರ್ಥನೆಗಳನ್ನು ಮರೆತಿರಲಿಲ್ಲ. ಬಲಿಪೀಠವಿಲ್ಲದೆಡೆ ಆ ಪ್ರಾರ್ಥನೆಗಳನ್ನು ಕಲಿಸಿದವರು ಮನೆಯ ಹಿರಿಯರು, ಅವರಲ್ಲಿಯೂ ವಿಶೇಷವಾಗಿ ತಾಯಂದಿರು ಎಂದು ಊಹಿಸುವುದು ಅಸಂಗತವಲ್ಲ.

ಗದ್ದೆ ಮತ್ತು ಇಗರ್ಜಿಗಳ ಬೆಸುಗೆ ಸ್ಪಷ್ಟವಾಗಿ ಕಾಣುವುದು ಸೆಪ್ಟೆಂಬರ್ 8ರ ಮೊಂತಿ ಹಬ್ಬದಲ್ಲಿ. ಒಂಬತ್ತು ದಿನ ಮಕ್ಕಳು ಮೇರಿಮಾತೆಗೆ ಹೂವರ್ಪಿಸುತ್ತಾರೆ. ಹಬ್ಬದಂದು ಹೊಸ ತೆನೆಯನ್ನು ಆಶೀರ್ವದಿಸಿ ಮನೆಮನೆಗೆ ಹಂಚಲಾಗುತ್ತದೆ. ಅದರ ಕಾಳನ್ನು ಪಾಯಸಕ್ಕೋ ಹಾಲಿಗೋ ಬೆರೆಸಿ ಮನೆಮಂದಿಯೆಲ್ಲ ಸೇವಿಸುತ್ತಾರೆ. ದೂರದೂರಿನವರಿಗೆ ನಾಲ್ಕು ಕಾಳುಗಳನ್ನು ಅಂಚೆಯಲ್ಲಿ ಕಳುಹಿಸುವುದೂ ಉಂಟು. ಆ ತೆನೆಯಲ್ಲಿ ನೇಜಿ ನೆಟ್ಟ ಕೈಗಳ ಶ್ರಮವೂ ಬಲಿಪೀಠದ ಮುಂದೆ ನಿಲ್ಲುತ್ತದೆ.

ಆದರೆ ಆಕೆಯ ತ್ಯಾಗವನ್ನು ಹೊಗಳಿ ಸುಮ್ಮನಾಗುವುದು ನ್ಯಾಯವಲ್ಲ. ಹೊಗಳಿಕೆಯು ಅನ್ಯಾಯವನ್ನು ಮರೆಸುವ ಪರದೆಯಾಗಬಲ್ಲದು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯು ಗೇಣಿಪದ್ಧತಿಯನ್ನು ಕೊನೆಗಾಣಿಸಿ ಉಳುವವನನ್ನು ಒಡೆಯನನ್ನಾಗಿಸಿತು. ಅದು ಮಹತ್ತರವಾದ ವಿಮೋಚನೆ. ಆದರೂ ಹಕ್ಕುಪತ್ರದಲ್ಲಿ ನಮೂದಾದುದು ಹೆಚ್ಚಾಗಿ ಮನೆಯ ಗಂಡಸಿನ ಹೆಸರು. 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯು ಉಯಿಲಿಲ್ಲದೆ ತೀರಿಕೊಂಡ ಕ್ರೈಸ್ತನ ಆಸ್ತಿಯಲ್ಲಿ, ಮಕ್ಕಳಿದ್ದರೆ, ವಿಧವೆಗೆ ಮೂರನೆಯ ಒಂದು ಪಾಲನ್ನೂ ಉಳಿದುದರಲ್ಲಿ ಗಂಡು ಹೆಣ್ಣು ಮಕ್ಕಳಿಗೆ ಸಮಪಾಲನ್ನೂ ಕೊಡುತ್ತದೆ. ಮದುವೆಯ ಖರ್ಚನ್ನೇ ಮಗಳ ಪಾಲೆಂದು ತಿಳಿಯುವ ರೂಢಿ ಈ ಹಕ್ಕನ್ನು ಎಷ್ಟೋ ಕಡೆ ಮಸುಕಾಗಿಸಿದೆ. ಜ್ಞಾನೋಕ್ತಿಗಳ 31ನೆಯ ಅಧ್ಯಾಯದ ಗೃಹಿಣಿಯಾದರೋ ತಾನೇ ಹೊಲವನ್ನು ಕೊಳ್ಳುತ್ತಾಳೆ; ಆಕೆಯ ದುಡಿಮೆಯ ಫಲ ಆಕೆಗೇ ಸಲ್ಲಬೇಕೆಂಬುದು ಆ ಅಧ್ಯಾಯದ ಕೊನೆಯ ಮಾತು. ಮದುವೆ, ಮರಣಗಳ ಪ್ರಸಂಗದಲ್ಲಿ ಈ ಅಧ್ಯಾಯವನ್ನು ಓದುವ ನಾವು ಆ ಕೊನೆಯ ಮಾತನ್ನು ಬಿಟ್ಟು ಬೋಧಿಸಬಾರದು.

ಎರಡನೆಯ ವ್ಯಾಟಿಕನ್ ಮಹಾಸಭೆಯು 1964ರಲ್ಲಿ ಧರ್ಮಸಭೆಯನ್ನು ಕುರಿತ ಸಂವಿಧಾನದಲ್ಲಿ ಕುಟುಂಬವನ್ನು ಗೃಹಸಭೆಯೆಂದು ಕರೆಯಿತು. ತಂದೆತಾಯಂದಿರನ್ನು ವಿಶ್ವಾಸದ ಮೊದಲ ಬೋಧಕರೆಂದು ಕಂಡಿತು. ಪ್ರೇಷಿತ ಪೌಲನ ಹೆಸರಿನ ಪತ್ರವೂ ತಿಮೊಥೆಯನ ವಿಶ್ವಾಸವನ್ನು ಅಜ್ಜಿ ಲೋವಿ, ತಾಯಿ ಯೂನಿಕೆಯರಿಂದ ಆರಂಭಿಸುತ್ತದೆ. ಹೆಸರು ಹಿಡಿದು ಸ್ಮರಿಸುವುದು ಆದಿಸಭೆಯ ಪರಿಪಾಠ. ಆದುದರಿಂದ ಧರ್ಮಕೇಂದ್ರವೊಂದರ ಇತಿಹಾಸವು ಗುರುಗಳ ಪಟ್ಟಿ, ಕಟ್ಟಡದ ಲೆಕ್ಕಗಳಿಗೇ ಮುಗಿದರೆ ಅದು ಅಪೂರ್ಣ ಮಾತ್ರವಲ್ಲ, ದೈವಶಾಸ್ತ್ರದ ದೃಷ್ಟಿಯಿಂದಲೂ ಕೊರತೆಯುಳ್ಳದ್ದು.

ಉಡುಪಿ ಧರ್ಮಪ್ರಾಂತವು 2012ರಲ್ಲಿ ಸ್ಥಾಪನೆಯಾಗಿದೆ. ಅದರ ಧರ್ಮಕೇಂದ್ರಗಳು ಅದಕ್ಕಿಂತ ಬಹಳ ಹಳೆಯವು. ಇಂದು ಅನೇಕ ಗದ್ದೆಗಳು ಹಡಿಲು ಬಿದ್ದಿವೆ, ಒನಕೆಗಳು ಮೂಲೆ ಸೇರಿವೆ. ಆ ಬಾಳನ್ನು ಬಾಳಿದ ಕೊನೆಯ ತಲೆಮಾರಿನ ಹೆಂಗಸರು ವೃದ್ಧಾಪ್ಯದಲ್ಲಿದ್ದಾರೆ. ಗುರುಮಠದ ವಿದ್ಯಾರ್ಥಿಗಳು ರಜೆಯಲ್ಲಿ ಅವರ ಬಳಿ ಕುಳಿತು, ಅವರ ಅನುಮತಿ ಪಡೆದು, ಗದ್ದೆಯ, ಗೇಣಿಯ, ಹೆರಿಗೆಯ, ಪ್ರಾರ್ಥನೆಯ ನೆನಪುಗಳನ್ನು ಅವರದೇ ಮಾತಿನಲ್ಲಿ ಬರೆದಿಟ್ಟುಕೊಳ್ಳಲಿ. ದಫ್ತರಿನ ಎರಡು ಸಾಲುಗಳ ನಡುವೆ ಉಳಿದ ಖಾಲಿ ಜಾಗವನ್ನು ತುಂಬಬಲ್ಲವರು ಅವರೊಬ್ಬರೇ.