ಟಿಪ್ಸ್: ಅಮೆರಿಕದಲ್ಲಿ ವೇತನದ ಭಾಗ, ಜಪಾನಿನಲ್ಲಿ ಅನವಶ್ಯಕ

ಹೋಟೆಲ್ ಮಾಣಿಗೆ ನೀಡುವ ಟಿಪ್ಸ್‌ಗೆ ಎಲ್ಲ ದೇಶಗಳಲ್ಲಿಯೂ ಒಂದೇ ಅರ್ಥವಿಲ್ಲ. ಅಮೆರಿಕದಲ್ಲಿ ಅದು ವೇತನದ ಭಾಗ. ಅಲ್ಲಿನ ಕೇಂದ್ರ ಕಾನೂನಿನ ಪ್ರಕಾರ ಕನಿಷ್ಠ ವೇತನ ಗಂಟೆಗೆ 7.25 ಡಾಲರ್. ಆದರೆ ಟಿಪ್ಸ್ ಪಡೆಯುವ ನೌಕರನಿಗೆ ಮಾಲೀಕನು 2.13 ಡಾಲರ್ ನೀಡಿದರೆ ಸಾಕು. ಉಳಿದದ್ದು ಟಿಪ್ಸ್‌ನಿಂದ ಭರ್ತಿಯಾಗಬೇಕು, ಕೊರತೆಯಾದರೆ ಮಾತ್ರ ಮಾಲೀಕನು ತುಂಬಿಕೊಡಬೇಕು. ಈ 2.13 ಡಾಲರ್ 1991ರಿಂದ ಏರಿಲ್ಲ. ಕ್ಯಾಲಿಫೋರ್ನಿಯಾ ಸೇರಿದಂತೆ ಕೆಲವು ರಾಜ್ಯಗಳಲ್ಲಿ ಪೂರ್ಣ ವೇತನ ಕಡ್ಡಾಯವಾದರೂ, ಬಿಲ್ಲಿನ ಶೇ. 15ರಿಂದ 20ರಷ್ಟು ನೀಡುವುದು ವಾಡಿಕೆ. ನೀಡದೆ ಎದ್ದುಹೋದರೆ ನಷ್ಟ ಮಾಣಿಗೇ.

ಫ್ರಾನ್ಸ್‌ನಲ್ಲಿ ಸೇವಾ ಶುಲ್ಕ ದರದಲ್ಲಿಯೇ ಅಡಕವಾಗಿರುತ್ತದೆ. ಚಿಲ್ಲರೆ ಬಿಡುವುದು ಗ್ರಾಹಕರ ಇಚ್ಛೆ. ಜಪಾನಿನಲ್ಲಿ ಟಿಪ್ಸ್ ವಾಡಿಕೆಯಲ್ಲಿಲ್ಲ. ಮೇಜಿನ ಮೇಲೆ ಬಿಟ್ಟ ಹಣವನ್ನು ಮರೆತದ್ದೆಂದು ಭಾವಿಸಿ ಮರಳಿಸುವುದುಂಟು. ಯಾವ ದೇಶದಲ್ಲೇ ಆಗಲಿ, ಬಿಲ್ಲಿನಲ್ಲಿ ಸೇವಾ ಶುಲ್ಕ ಸೇರಿದೆಯೇ ಎಂದು ಮೊದಲು ನೋಡಿಕೊಳ್ಳುವುದು ಲೇಸು.